ಎಂಟು ಲಾಯ, ಏಳು ಎಕರೆ: ಒಂದು ಜಾಹೀರಾತಿನ ಪಾಠ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. 'ಕಟ್ಟಿದ ಮನೆಯನ್ನು ಕೊಂಡು ನೋಡು' ಎಂಬ ಮಾತನ್ನು ಅವರು ಸೇರಿಸಲಿಲ್ಲ. ಆ ಕಾಲದಲ್ಲಿ ಮನೆ ಮಾರುವುದೆಂದರೆ ಮನೆತನವೇ ಮುಳುಗಿತೆಂಬ ಭಾವನೆ ಇತ್ತು. ಮಾರುವವರೂ ಕಡಿಮೆ, ಕೊಳ್ಳುವವರೂ ಕಡಿಮೆ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹಾಗಲ್ಲ. ಅಲ್ಲಿ ಹಳೆಯ ಮನೆ ಮಾರುವುದು ಒಂದು ಕಲೆಯಾಗಿ ಬೆಳೆದಿದೆ. 1897ರಲ್ಲಿ ಆರಂಭವಾದ 'ಕಂಟ್ರಿ ಲೈಫ್' ವಾರಪತ್ರಿಕೆಯ ಮೊದಲ ಪುಟಗಳಲ್ಲಿ ಬರುವ ಮನೆ ಮಾರಾಟದ ಜಾಹೀರಾತುಗಳು ಅದರ ಲೇಖನಗಳಷ್ಟೇ ಪ್ರಸಿದ್ಧ. ಕೊಳ್ಳುವ ಶಕ್ತಿ ಇಲ್ಲದವರೂ ಅವನ್ನು ಆಸೆಗಣ್ಣಿನಿಂದ ಓದುವುದುಂಟು.

ಅಂಥ ಜಾಹೀರಾತು ಸಾಮಾನ್ಯವಾಗಿ ಈ ಧಾಟಿಯಲ್ಲಿ ಇರುತ್ತದೆ: ಹದಿನೇಳನೆಯ ಶತಮಾನದ, ಅಭಿರುಚಿಯಿಂದ ನವೀಕರಿಸಿದ ತೋಟದ ಮನೆ, ಎರಡನೆಯ ದರ್ಜೆಯ ಸಂರಕ್ಷಿತ ಕಟ್ಟಡ, ಐದು ಮಲಗುವ ಕೋಣೆ, ಮಾರ್ಪಡಿಸಲು ಯೋಗ್ಯವಾದ ಹಳೆಯ ಕಣಜ, ಎಂಟು ಲೂಸ್ ಬಾಕ್ಸ್, ಜೀನು-ಲಗಾಮುಗಳ ಕೊಠಡಿ, ಮನೇಜ್, ಸುಮಾರು ಏಳು ಎಕರೆ ಜಮೀನು, ಸವಾರಿಗೆ ಅತ್ಯುತ್ತಮ ದಾರಿಗಳು.

ಓದಲು ಎಷ್ಟು ಚೆಂದ! ಆದರೆ ಈ ಐದಾರು ಸಾಲುಗಳಲ್ಲಿ ಇತಿಹಾಸವಿದೆ, ಕಾನೂನಿದೆ, ರಸಾಯನಶಾಸ್ತ್ರವಿದೆ, ಲೆಕ್ಕವಿದೆ. ಒಂದು ಕುಟುಂಬ ತನ್ನ ಜೀವಮಾನದ ಗಳಿಕೆಯನ್ನು ಹಾಕಲು ಹೊರಟಿರುವ ಈ ಸಾಲುಗಳನ್ನು ಬಿಡಿಸಿ ಓದುವುದು ಶಾಲೆಯ ಮಕ್ಕಳಿಗೂ ಅವರ ತಂದೆತಾಯಿಯರಿಗೂ ಒಳ್ಳೆಯ ಅಭ್ಯಾಸ.

ಗೋಡೆಯೂ ಉಸಿರಾಡುತ್ತದೆ

ಮೊದಲು 'ತೋಟದ ಮನೆ' ಎಂಬ ಮಾತು. ಬೆಂಗಳೂರಿನ ಸುತ್ತ 'ಫಾರ್ಮ್‌ಹೌಸ್' ಎಂದರೆ ಭಾನುವಾರ ಹೋಗಿ ಬರುವ ವಿಹಾರದ ಮನೆ. ಇಂಗ್ಲೆಂಡಿನ ಫಾರ್ಮ್‌ಹೌಸ್ ಹುಟ್ಟಿದ್ದು ಹಾಗಲ್ಲ. ಅದು ಒಕ್ಕಲಿಗನ ವಾಸದ ಮನೆ. ಒಂದು ಬದಿಗೆ ಕಣಜ, ಇನ್ನೊಂದು ಬದಿಗೆ ಕೊಟ್ಟಿಗೆ, ನಡುವೆ ಅಂಗಳ. ಆ ಕಣಜಗಳ ರಚನೆಯನ್ನು ನೋಡಿದರೆ ಕನ್ನಡದ ರೈತನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಎದುರುಬದುರಾಗಿ ಎರಡು ಎತ್ತರದ ಬಾಗಿಲು, ಅವುಗಳ ನಡುವೆ ಗಟ್ಟಿ ನೆಲ. ತೆನೆ ತುಂಬಿದ ಗಾಡಿ ಒಂದು ಬಾಗಿಲಿನಿಂದ ಒಳಬರುತ್ತಿತ್ತು. ಒಕ್ಕಣೆಯಾದ ಮೇಲೆ ಎರಡೂ ಬಾಗಿಲು ತೆರೆದು, ಹಾಯುವ ಗಾಳಿಗೆ ಕಾಳನ್ನು ತೂರುತ್ತಿದ್ದರು. ಕನ್ನಡನಾಡಿನಲ್ಲಿ ಬಯಲಿನ ಕಣದಲ್ಲಿ ನಡೆಯುವ ಕೆಲಸ ಮಳೆಯ ನಾಡಿನಲ್ಲಿ ಸೂರಿನ ಕೆಳಗೆ ನಡೆಯುತ್ತಿತ್ತು, ಅಷ್ಟೆ.

ಮುಂದಿನದು 'ನವೀಕರಿಸಿದ'. ಇಲ್ಲಿ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ: ಏನು ಹಾಕಿ ನವೀಕರಿಸಿದರು? ಆ ಕಾಲದ ಕಲ್ಲು-ಇಟ್ಟಿಗೆಯ ಗೋಡೆಗಳನ್ನು ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿದ್ದು ಗೋಡೆ ಹೀರಿದ ತೇವ ಅವುಗಳ ಮೂಲಕ ಹೊರಗೆ ಆರಿ ಹೋಗುತ್ತದೆ. ಇಂಥ ಗೋಡೆಗೆ ಸಿಮೆಂಟು ಬಳಿದರೆ ಹೊರಗಿನಿಂದ ಅಂದವಾಗಿ ಕಾಣುತ್ತದೆ. ಆದರೆ ಒಳಗೆ ಸಿಕ್ಕಿಕೊಂಡ ನೀರಿಗೆ ದಾರಿ ಇರುವುದಿಲ್ಲ; ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ; ಗೋಡೆಯೊಳಗೆ ಹುದುಗಿರುವ ಮರದ ತೊಲೆಗಳ ತುದಿ ಕೊಳೆಯುತ್ತದೆ. ಊರಿನ ಹಳೆಯ ಗಾರೆ ಮನೆಗಳಿಗೆ ಸಿಮೆಂಟು ಮೆತ್ತಿ ಪಶ್ಚಾತ್ತಾಪ ಪಟ್ಟವರಿಗೂ ಇದೇ ಪಾಠ ಅನ್ವಯಿಸುತ್ತದೆ.

'ಎರಡನೆಯ ದರ್ಜೆಯ ಸಂರಕ್ಷಿತ ಕಟ್ಟಡ' ಎಂಬುದು ಬಿರುದೂ ಹೌದು, ಬೇಡಿಯೂ ಹೌದು. ಇಂಗ್ಲೆಂಡಿನಲ್ಲಿ ಇಂಥ ಕಟ್ಟಡಗಳಿಗೆ ಮೂರು ದರ್ಜೆಗಳಿವೆ: ಒಂದು, ಎರಡು ನಕ್ಷತ್ರ ಸಹಿತ, ಮತ್ತು ಬರೀ ಎರಡು. ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಈ ಕೊನೆಯ ದರ್ಜೆಗೆ ಸೇರಿದವು. ಮೂಲ ಸ್ಥಿತಿಗೆ ಹತ್ತಿರವಾಗಿ ಉಳಿದುಬಂದ 1700ಕ್ಕಿಂತ ಹಿಂದಿನ ಕಟ್ಟಡ ಸಾಮಾನ್ಯವಾಗಿ ಪಟ್ಟಿಗೆ ಸೇರಿಯೇ ಇರುತ್ತದೆ. ಒಮ್ಮೆ ಸೇರಿತೆಂದರೆ ಅದರ ಸ್ವರೂಪ ಬದಲಾಗುವಂಥ ಕೆಲಸಕ್ಕೆಲ್ಲ ಸ್ಥಳೀಯ ಆಡಳಿತದ ಅಪ್ಪಣೆ ಬೇಕು. ಅಪ್ಪಣೆ ಇಲ್ಲದೆ ಮಾಡಿದರೆ 1990ರ ಕಾಯಿದೆಯ ಪ್ರಕಾರ ಅದು ಅಪರಾಧ. ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವಿದೆ. ಹಿಂದಿನ ಮಾಲೀಕ ಕದ್ದುಮುಚ್ಚಿ ಒಂದು ಗೋಡೆ ಒಡೆದಿದ್ದರೆ, ಅದನ್ನು ಸರಿಪಡಿಸುವಂತೆ ನೋಟೀಸು ಬರುವುದು ಇಂದಿನ ಮಾಲೀಕನಿಗೆ. ಇಷ್ಟು ವರ್ಷ ಕಳೆದರೆ ಮಾಫಿ ಎಂಬ ಗಡುವೂ ಇಲ್ಲ. 'ಅಭಿರುಚಿಯಿಂದ ನವೀಕರಿಸಿದ' ಎಂಬ ಮಾತಿನ ಹಿಂದೆ ಅಪ್ಪಣೆಪತ್ರಗಳ ಕಡತ ಇದೆಯೇ ಎಂದು ಕೇಳಲೇಬೇಕು.

ಹಳೆಯ ಕಣಜದ ಮಾಡಿನಲ್ಲಿ ಬಾವಲಿಗಳಿದ್ದರಂತೂ ಇನ್ನೊಂದು ಅಧ್ಯಾಯವೇ ತೆರೆದುಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಬಾವಲಿಗಳ ಎಲ್ಲ ಜಾತಿಗಳಿಗೂ ಕಾನೂನಿನ ರಕ್ಷಣೆ ಇದೆ. ಅವು ನೆಲೆಸುವ ಜಾಗವನ್ನು ಹಾಳುಗೆಡವುವುದೂ ಅಪರಾಧ. ಪರವಾನಗಿ ಪಡೆದ ತಜ್ಞರು ಬಂದು ಪರೀಕ್ಷಿಸಿ, ಯಾವ ತಿಂಗಳಲ್ಲಿ ಮಾಡಿಗೆ ಕೈ ಹಾಕಬಹುದೆಂದು ಹೇಳಿದ ಮೇಲೆಯೇ ಕೆಲಸ. 'ಮಾರ್ಪಡಿಸಲು ಯೋಗ್ಯ' ಎಂಬ ಎರಡು ಪದಗಳಲ್ಲಿ ಇದಾವುದೂ ಕಾಣಿಸುವುದಿಲ್ಲ.

ಲಾಯ ಎಂಟು, ಹುಲ್ಲು ಎಷ್ಟಕ್ಕೆ?

ಈಗ ಲೆಕ್ಕದ ಭಾಗ. ಮಕ್ಕಳು ಪೆನ್ಸಿಲು ಹಿಡಿದು ಕೂರಬಹುದು.

ಲೂಸ್ ಬಾಕ್ಸ್ ಎಂದರೆ ಕುದುರೆಯನ್ನು ಕಟ್ಟಿಹಾಕದೆ, ತಿರುಗಲು ಮಲಗಲು ಅನುಕೂಲವಾಗುವಂತೆ ಬಿಡುವ ಒಂಟಿ ಕೊಠಡಿ. ಬ್ರಿಟಿಷ್ ಹಾರ್ಸ್ ಸೊಸೈಟಿಯ ಸಲಹೆಯಂತೆ ಸಾಧಾರಣ ಕುದುರೆಗೆ ಅದು 12 ಅಡಿ ಉದ್ದ 12 ಅಡಿ ಅಗಲ ಇರಬೇಕು. ಸಣ್ಣ ಜಾತಿಯ ಪೋನಿಗೆ 10 ಅಡಿ ಸಾಕು. ಪೋನಿ ಯಾವುದು, ಕುದುರೆ ಯಾವುದು ಎಂದು ತಿಳಿಯಲು 'ಹ್ಯಾಂಡ್' ಎಂಬ ಅಳತೆ ಇದೆ. ಒಂದು ಹ್ಯಾಂಡ್ ಎಂದರೆ 4 ಅಂಗುಲ. ಸಾಮಾನ್ಯವಾಗಿ 14.2 ಹ್ಯಾಂಡ್ ವರೆಗೆ ಪೋನಿ. ಇಲ್ಲಿ ಜಾಣ ವಿದ್ಯಾರ್ಥಿಗಳೂ ಎಡವುತ್ತಾರೆ. ಅದು ದಶಮಾಂಶವಲ್ಲ. 14 ಹ್ಯಾಂಡ್ ಮತ್ತು 2 ಅಂಗುಲ, ಅಂದರೆ 58 ಅಂಗುಲ ಎಂದು ಓದಬೇಕು.

ಮನೇಜ್ ಎಂದರೆ ಮರಳು ಹಾಸಿದ ಸವಾರಿ ಅಭ್ಯಾಸದ ಅಂಗಳ. ಅದರ ಸಾಮಾನ್ಯ ಅಳತೆ 20 ಮೀಟರಿಗೆ 40 ಮೀಟರು, ಅಂದರೆ 800 ಚದರ ಮೀಟರು. ಗುಂಟೆಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 8 ಗುಂಟೆ.

ಅದೇ ಸೊಸೈಟಿಯ ಪ್ರಕಾರ ಒಂದು ಕುದುರೆಗೆ ವರ್ಷವಿಡೀ ಮೇಯಲು ಒಂದರಿಂದ ಒಂದೂವರೆ ಎಕರೆ ಒಳ್ಳೆಯ ಹುಲ್ಲುಗಾವಲು ಬೇಕು. ಜಾಹೀರಾತಿನ ಏಳು ಎಕರೆಯಲ್ಲಿ ಮನೆ, ಉದ್ಯಾನ, ಅಂಗಳ, ಮನೇಜ್ ಸೇರಿ ಒಂದು ಎಕರೆ ಹೋಯಿತೆನ್ನಿ. ಮರಗಳ ತೋಪು, ತಗ್ಗಿನ ಜವುಗು ಎಂದು ಇನ್ನೊಂದು ಎಕರೆ ಹೋಯಿತು. ಉಳಿದದ್ದು ಐದು. ಒಂದೂವರೆ ಎಕರೆಯ ಲೆಕ್ಕದಲ್ಲಿ ಮೂರು ಕುದುರೆ. ಬಿಗಿಯಾಗಿ ಲೆಕ್ಕ ಹಾಕಿದರೆ ಐದು. ಲಾಯಗಳೋ ಎಂಟು! ಮಾರುವವರು ಸುಳ್ಳು ಹೇಳಲಿಲ್ಲ. ಎಂಟು ಲಾಯ ಇರುವುದು ನಿಜ, ಏಳು ಎಕರೆ ಇರುವುದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸವನ್ನು ಮಾತ್ರ ಓದುವವರಿಗೆ ಬಿಟ್ಟಿದ್ದಾರೆ.

ಮೂರೇ ಕುದುರೆ ಎಂದುಕೊಳ್ಳೋಣ. 500 ಕಿಲೋ ತೂಕದ ಕುದುರೆ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡು ಭಾಗದಷ್ಟು, ಅಂದರೆ ಸುಮಾರು 10 ಕಿಲೋ ಮೇವು ತಿನ್ನುತ್ತದೆ. ಹುಲ್ಲು ಬೆಳೆಯದ ಆರು ತಿಂಗಳಿಗೆ ಮೂರು ಕುದುರೆಗಳಿಗೆ ಒಣಹುಲ್ಲು 5,400 ಕಿಲೋ. ಒಂದು ಕುದುರೆ ದಿನಕ್ಕೆ 20 ಕಿಲೋಗೂ ಹೆಚ್ಚು ಲದ್ದಿ ಹಾಕುತ್ತದೆ. ತಿಂಗಳಿಗೆ ಮೂರರದು 1,800 ಕಿಲೋ ಮೀರುತ್ತದೆ. ಅದನ್ನು ಎತ್ತಬೇಕು, ಹಾಕಲು ತಿಪ್ಪೆ ಬೇಕು, ತಿಪ್ಪೆಯ ನೀರು ಹಳ್ಳಕ್ಕೆ ಇಳಿಯದಂತೆ ನೋಡಿಕೊಳ್ಳಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಕಟ್ಟುವವನು ಬರಬೇಕು. ಅವನೂ ದಾರಿಹೋಕನಲ್ಲ. 1975ರ ಕಾಯಿದೆಯಂತೆ ಹೆಸರು ನೋಂದಾಯಿಸಿಕೊಂಡ ಲಾಳಗಾರನೇ ಲಾಳ ಕಟ್ಟಬೇಕು. ಅದಕ್ಕಾಗಿ ವರ್ಷಗಟ್ಟಲೆ ಗುರುವಿನ ಕೈಕೆಳಗೆ ದುಡಿದು ಕಲಿತಿರಬೇಕು. ಇನ್ನು ಹುಲ್ಲುಗಾವಲಿನಲ್ಲಿ ರ‍್ಯಾಗ್‌ವರ್ಟ್ ಎಂಬ ಹಳದಿ ಹೂವಿನ ಕಳೆ ಇದ್ದರೆ ಕುದುರೆಯ ಪಿತ್ತಜನಕಾಂಗವೇ ಹಾಳಾಗುತ್ತದೆ. ಹಸಿಯಿದ್ದಾಗ ಕಹಿಯೆಂದು ಕುದುರೆ ಅದನ್ನು ಬಿಟ್ಟು ಮೇಯುತ್ತದೆ. ಒಣಹುಲ್ಲಿನಲ್ಲಿ ಸೇರಿದರೆ ಕಹಿ ಗೊತ್ತಾಗದೆ ತಿಂದುಬಿಡುತ್ತದೆ. ಚಿತ್ರದಲ್ಲಿ ಆ ಹಳದಿ ಹೂವು ಬಹಳ ಸುಂದರವಾಗಿ ಕಾಣುತ್ತದೆ ಎಂಬುದೇ ವಿಪರ್ಯಾಸ.

'ದಾರಿಯಲ್ಲಿ ಲಾಳ ಸಿಕ್ಕಿತೆಂದು ಕುದುರೆ ಕೊಂಡರಂತೆ' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಮೇಯುವ ಕುದುರೆ, ಸಾಕುವ ಕುದುರೆ

ಕಾನೂನಿನ ಸೂಕ್ಷ್ಮವೂ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಯೋಜನಾ ಕಾನೂನಿನಲ್ಲಿ ಹೊಲದಲ್ಲಿ ಕುದುರೆ ಮೇಯುವುದು ಕೃಷಿ ಎನಿಸುತ್ತದೆ. ಸವಾರಿಯ ವಿನೋದಕ್ಕಾಗಿ ಕುದುರೆಯನ್ನು ಅಲ್ಲಿ ಸಾಕುವುದು ಕೃಷಿ ಎನಿಸುವುದಿಲ್ಲ. ಕುದುರೆ ಬರೀ ಹುಲ್ಲು ತಿಂದುಕೊಂಡಿದ್ದರೆ ಸರಿ. ಹೊರಗಿನಿಂದ ಮೇವು ತಂದು ಹಾಕುತ್ತ, ಜಿಗಿಯಲು ಅಡ್ಡಪಟ್ಟಿಗಳನ್ನು ನಿಲ್ಲಿಸಿದರೆ ಭೂಮಿಯ ಬಳಕೆ ಬದಲಾಯಿತೆಂದು ಅಪ್ಪಣೆ ಕೇಳಬೇಕಾಗುತ್ತದೆ. ತೆರಿಗೆಯ ವಿಚಾರದಲ್ಲೂ ಇಂಥದೇ ಜಗ್ಗಾಟ. ವಾಸದ ಮನೆಗೆ ಒಂದು ದರ, ವಾಸ ಮತ್ತು ಇತರ ಬಳಕೆ ಬೆರೆತ ಆಸ್ತಿಗೆ ಇನ್ನೊಂದು ದರ. ಲಾಯ, ಹುಲ್ಲುಗಾವಲುಗಳಿರುವುದರಿಂದ ತಮ್ಮದು ಬರೀ ವಾಸದ ಮನೆಯಲ್ಲ ಎಂದು ವಾದಿಸಿದವರಿದ್ದಾರೆ. 2022ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇಂಥ ಒಂದು ಪ್ರಕರಣದಲ್ಲಿ ಆ ವಾದವನ್ನು ಒಪ್ಪದೆ, ಲಾಯವೂ ಹುಲ್ಲುಗಾವಲೂ ಮನೆಯ ಆವರಣವೇ ಎಂದಿತು.

'ಸವಾರಿಗೆ ಅತ್ಯುತ್ತಮ ದಾರಿಗಳು' ಎಂಬುದಕ್ಕೂ ಎರಡು ಮುಖ. ಬ್ರೈಡಲ್‌ವೇ ಎಂಬ ಸಾರ್ವಜನಿಕ ದಾರಿಗಳಲ್ಲಿ ಕುದುರೆ ಸವಾರರು, ಪಾದಚಾರಿಗಳು ಹೋಗಬಹುದು; 1968ರಿಂದ ಸೈಕಲ್ಲಿನವರಿಗೂ ಅವಕಾಶವಿದೆ. ಅಂಥ ದಾರಿ ಮನೆಯ ಹತ್ತಿರ ಇದ್ದರೆ ಭಾಗ್ಯ. ಅದೇ ದಾರಿ ಕೊಂಡ ಹೊಲದ ನಡುವೆಯೇ ಹಾದು ಹೋಗಿದ್ದರೆ ಊರವರೆಲ್ಲ ಅಡುಗೆಮನೆಯ ಕಿಟಕಿಯ ಮುಂದೆ ನಡೆದುಹೋಗುತ್ತಾರೆ. ಮಾಲೀಕ ಅದನ್ನು ಮುಚ್ಚುವಂತಿಲ್ಲ.

ಜಾಹೀರಾತಿನ ಬಣ್ಣದ ಮಾತಿಗೆ ಕಡಿವಾಣ ಹಾಕಲು ಬ್ರಿಟನ್ನಿನಲ್ಲಿ 1991ರಲ್ಲಿ ಒಂದು ಪ್ರತ್ಯೇಕ ಕಾಯಿದೆಯೇ ಬಂತು. ಆಸ್ತಿಯ ಬಗ್ಗೆ ತಪ್ಪು ವಿವರಣೆ ಕೊಡುವ ದಲ್ಲಾಳಿಗೆ ಶಿಕ್ಷೆ ವಿಧಿಸುವ ಆ ಕಾಯಿದೆ 2013ರಲ್ಲಿ ರದ್ದಾಯಿತು. ಗ್ರಾಹಕರನ್ನು ದಾರಿ ತಪ್ಪಿಸುವುದರ ವಿರುದ್ಧ ಇರುವ ಸಾಮಾನ್ಯ ಕಾನೂನುಗಳು ಈಗ ಆ ಕೆಲಸ ಮಾಡುತ್ತಿವೆ. ಕಾಯಿದೆ ಬರುವ ಎಷ್ಟೋ ಮೊದಲೇ, 1960ರ ದಶಕದ ಲಂಡನ್ನಿನಲ್ಲಿ ರಾಯ್ ಬ್ರೂಕ್ಸ್ ಎಂಬ ದಲ್ಲಾಳಿ ಮನೆಯ ಹುಳುಕುಗಳನ್ನೆಲ್ಲ ಹಾಸ್ಯದಿಂದ ಬಿಚ್ಚಿಟ್ಟು ಜಾಹೀರಾತು ಬರೆಯುತ್ತಿದ್ದ. ಭಾನುವಾರದ ಪತ್ರಿಕೆಯಲ್ಲಿ ಜನ ಅದನ್ನು ಹುಡುಕಿ ಓದುತ್ತಿದ್ದರು, ಅವನ ವ್ಯಾಪಾರವೂ ಬೆಳೆಯಿತು. ನಿಜ ಹೇಳಿಯೂ ಮಾರಬಹುದೆಂಬುದಕ್ಕೆ ಅವನೇ ಸಾಕ್ಷಿ.

ಇಷ್ಟಾದರೂ ಕೊಳ್ಳುವವರ ಎಚ್ಚರ ಕೊಳ್ಳುವವರದೇ. ಅಲ್ಲಿ ಬೆಲೆ ಒಪ್ಪಿಕೊಂಡ ಮಾತ್ರಕ್ಕೆ ಯಾರೂ ಬದ್ಧರಲ್ಲ. ಒಪ್ಪಂದದ ಪತ್ರಗಳು ವಿನಿಮಯವಾಗುವವರೆಗೆ ಮಾರುವವರೂ ಹಿಂದೆ ಸರಿಯಬಹುದು, ಕೊಳ್ಳುವವರೂ ಸರಿಯಬಹುದು. ಆ ನಡುವಿನ ವಾರಗಳಲ್ಲಿ ಸರ್ವೇಯರ್ ಗೋಡೆ ತಟ್ಟಿ ನೋಡುತ್ತಾನೆ, ಸಾಲಿಸಿಟರ್ ಕಡತ ತಿರುವುತ್ತಾನೆ. ಪತ್ರ ವಿನಿಮಯವಾಗಿ, ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಮುಂಗಡ ಕೊಟ್ಟ ಮೇಲೆ ಹಿಂದೆ ಸರಿದರೆ ಆ ಹಣ ಕೈಬಿಟ್ಟಂತೆಯೇ.

ಒಕ್ಕಲು ಹೋಯಿತು, ಕುದುರೆ ಬಂತು

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಒಕ್ಕಲು ಮನೆಯಲ್ಲಿ ಒಕ್ಕಲಿಗ ಎಲ್ಲಿ?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಹೊಲಗಳಲ್ಲಿ ಸುಮಾರು ಹತ್ತು ಲಕ್ಷ ಕುದುರೆಗಳು ದುಡಿಯುತ್ತಿದ್ದವು. ಶೈರ್, ಸಫೋಕ್ ಪಂಚ್, ಕ್ಲೈಡ್ಸ್‌ಡೇಲ್ ಎಂಬ ಭಾರೀ ಜಾತಿಗಳು ನೇಗಿಲು ಎಳೆದವು, ಗಾಡಿ ಎಳೆದವು. 1914ರಲ್ಲಿ ಯುದ್ಧ ಆರಂಭವಾದಾಗ ಸೈನ್ಯ ಕೆಲವೇ ವಾರಗಳಲ್ಲಿ ಲಕ್ಷಕ್ಕೂ ಮೀರಿದ ಕುದುರೆಗಳನ್ನು ಹಳ್ಳಿ ಪಟ್ಟಣಗಳಿಂದ ಹೊರಡಿಸಿತು. ಎರಡನೆಯ ಮಹಾಯುದ್ಧದ ನಂತರ ಟ್ರ್ಯಾಕ್ಟರು ಉಳಿದ ಕೆಲಸ ಮುಗಿಸಿತು. ನೇಗಿಲಿನ ಕುದುರೆ ಬೇಡವಾಯಿತು. ದೊಡ್ಡ ಯಂತ್ರಗಳಿಗೆ ಹಳೆಯ ಕಣಜದ ಬಾಗಿಲು ಸಾಲದಾಯಿತು. ಸಣ್ಣ ಹಿಡುವಳಿ ಗಿಟ್ಟದಾಯಿತು. ಹೊಲವನ್ನು ಪಕ್ಕದ ದೊಡ್ಡ ರೈತ ಕೊಂಡ. ಉಳಿದ ಮನೆಯನ್ನೂ ಸುತ್ತಲಿನ ನಾಲ್ಕಾರು ಎಕರೆಯನ್ನೂ ಪಟ್ಟಣದವರು ಕೊಂಡರು. ಒಂದು ಕಾಲದಲ್ಲಿ ಮನೆಗೆ ಅನ್ನ ದುಡಿದ ಪ್ರಾಣಿ ಈಗ ಮನೆಯವರ ದುಡಿಮೆಯಿಂದ ಮೇವು ತಿನ್ನುವ ಅತಿಥಿಯಾಗಿ ಅದೇ ಲಾಯಕ್ಕೆ ಮರಳಿದೆ. ಸಫೋಕ್ ಪಂಚ್ ಇಂದು ಅಪರೂಪದ, ಅಳಿವಿನ ಅಂಚಿನ ತಳಿಗಳ ಪಟ್ಟಿಯಲ್ಲಿದೆ.

ಇದನ್ನು ಬರೀ ಶೋಕಗೀತೆಯಾಗಿ ಹಾಡಬೇಕಿಲ್ಲ. ಹೊಸಬರು ಬಾರದಿದ್ದರೆ ಎಷ್ಟೋ ಕಣಜಗಳು ಕುಸಿದು ಮಣ್ಣಾಗುತ್ತಿದ್ದವು. ಆದರೆ ಊರಿನ ರೈತನ ಮಗ ಅದೇ ಊರಲ್ಲಿ ಮನೆ ಕೊಳ್ಳಲಾರದಷ್ಟು ಬೆಲೆ ಏರಿತು ಎಂಬುದೂ ಅಷ್ಟೇ ಸತ್ಯ. ಬೆಂಗಳೂರಿನಿಂದ ದೇವನಹಳ್ಳಿ, ಕನಕಪುರದ ಕಡೆ ಹೋಗುವವರಿಗೆ ಇದು ಅಪರಿಚಿತ ಕಥೆಯಲ್ಲ. ಕರ್ನಾಟಕದಲ್ಲಿ ಭೂಸುಧಾರಣಾ ಕಾಯಿದೆಗೆ 2020ರಲ್ಲಿ ಬಂದ ತಿದ್ದುಪಡಿ, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕಿದ್ದ ನಿರ್ಬಂಧಗಳನ್ನು ತೆಗೆದ ಮೇಲೆ 'ತೋಟದ ಮನೆ ಮಾರಾಟಕ್ಕಿದೆ' ಎಂಬ ಫಲಕಗಳನ್ನು ಬಿಡಿಸಿ ಓದುವ ಅಗತ್ಯ ಇಲ್ಲಿಯೂ ಹೆಚ್ಚಿದೆ.

ಸ್ವಾರಸ್ಯದ ಮಾತೊಂದುಂಟು. ಇಂಗ್ಲೆಂಡಿನ ಕುದುರೆ ಮನೆಯ ಮಾತುಕತೆಯಲ್ಲಿ ಭಾರತದ ನೆರಳು ದಟ್ಟವಾಗಿದೆ. ಸವಾರಿಯ ಪ್ಯಾಂಟಿಗೆ ಅಲ್ಲಿ 'ಜೋಧ್‌ಪುರ್ಸ್' ಎನ್ನುತ್ತಾರೆ, ಮಕ್ಕಳ ಪೋನಿ ಆಟಗಳ ಕೂಟಕ್ಕೆ 'ಜಿಮ್‌ಖಾನಾ' ಎನ್ನುತ್ತಾರೆ. ಪೋಲೋ ಆಟವನ್ನು ಬ್ರಿಟಿಷರು ಕಲಿತದ್ದು ಮಣಿಪುರದಲ್ಲಿ. 'ಬಂಗಲೆ', 'ವೆರಾಂಡ' ಕೂಡ ಇಲ್ಲಿಂದಲೇ ಹೋದವು.

ಮಗಳು ಕುದುರೆ ಕೇಳಿದರೆ

ಇಂಥ ಮನೆಗಳು ಮಾರಾಟವಾಗುವುದು ಎಷ್ಟೋ ಸಲ ಮಕ್ಕಳ ಹಟದಿಂದ. ಹನ್ನೆರಡು ವರ್ಷದ ಮಗಳು ಕುದುರೆ ಬೇಕೆನ್ನುತ್ತಾಳೆ. ತಂದೆತಾಯಿ ಪಟ್ಟಣದ ಮನೆ ಮಾರಿ ಸಾಲ ಮಾಡಿ ಹಳ್ಳಿಗೆ ಬರುತ್ತಾರೆ. ಅವರು ಮಾಡದ ಲೆಕ್ಕ ಒಂದಿದೆ. ಕುದುರೆಯ ಆಯುಸ್ಸು 25ರಿಂದ 30 ವರ್ಷ. ಎಂಟು ವರ್ಷದ ಕುದುರೆ ತಂದರೆ, ಮಗಳು ಹದಿನೆಂಟಕ್ಕೆ ವಿಶ್ವವಿದ್ಯಾಲಯಕ್ಕೆ ಹೊರಟಾಗ ಅದಕ್ಕೆ ಹದಿನಾಲ್ಕು. ಇನ್ನೂ ಹನ್ನೊಂದೋ ಹದಿನಾರೋ ವರ್ಷ ಅದು ಬೆಳಿಗ್ಗೆ ಮೇವಿಗೆ ಕಾಯುತ್ತದೆ. ಪೋನಿಯಾದರೆ ಮಗಳು ಎರಡು ಮೂರು ವರ್ಷದಲ್ಲೇ ಅದರ ಅಳತೆ ಮೀರಿ ಬೆಳೆಯುತ್ತಾಳೆ. ಆಗ ಆ ಪ್ರಾಣಿಯನ್ನು ಏನು ಮಾಡುವುದು? ಮನೆಯನ್ನು ಮತ್ತೆ ಜಾಹೀರಾತಿಗೆ ಹಾಕಬಹುದು. ಅಂಗೈಯಿಂದ ತಿಂದು ಬೆಳೆದ ಜೀವವನ್ನು ಹಾಗೆ ಹಾಕಲು ಕೈ ಬರುವುದಿಲ್ಲ.

ಇದಕ್ಕೆ ಅಲ್ಲಿನವರು ಕಂಡುಕೊಂಡ ಒಳ್ಳೆಯ ದಾರಿಯೂ ಇದೆ. 1929ರಲ್ಲಿ ಹುಟ್ಟಿದ 'ಪೋನಿ ಕ್ಲಬ್' ಮಕ್ಕಳಿಗೆ ಸವಾರಿಯ ಜೊತೆಗೆ ಲಾಯ ಗುಡಿಸುವುದನ್ನೂ ಗೊರಸು ತೊಳೆಯುವುದನ್ನೂ ಕಲಿಸಿ ಹಂತಹಂತವಾಗಿ ಪರೀಕ್ಷೆ ನಡೆಸುತ್ತದೆ. ಸ್ವಂತ ಕುದುರೆ ಇಲ್ಲದ ಮಕ್ಕಳೂ ಸವಾರಿ ಶಾಲೆಗಳ ಮೂಲಕ ಸೇರಬಹುದು. ಒಂದು ವರ್ಷ ಬೇರೆಯವರ ಕುದುರೆಗೆ ಲದ್ದಿ ಎತ್ತಿದ ಮೇಲೂ ಆಸೆ ಉಳಿದಿದ್ದರೆ ಅದು ನಿಜವಾದ ಆಸೆ.

ಆ ಆಸೆಗೆ ವಿದ್ಯೆಯ ದಾರಿಗಳೂ ಇವೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 1791ರಷ್ಟು ಹಳೆಯದು. ಸೈರನ್‌ಸೆಸ್ಟರಿನ ರಾಯಲ್ ಅಗ್ರಿಕಲ್ಚರಲ್ ಯೂನಿವರ್ಸಿಟಿ 1845ರಲ್ಲಿ ಕಾಲೇಜಾಗಿ ಆರಂಭವಾದದ್ದು. ಸರ್ವೇಯರುಗಳ ಸಂಸ್ಥೆ 1868ರದು. ಅಷ್ಟು ದೂರ ಹೋಗದೆಯೂ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ, ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ 400 ಎಕರೆಗೂ ಮೀರಿದ ಪ್ರಸಿದ್ಧ ಕುದುರೆ ಫಾರಂ ಇದೆ. ಕುದುರೆಯ ಜೊತೆ ಬಾಳಲು ಕುದುರೆಯ ಮಾಲೀಕರೇ ಆಗಬೇಕೆಂದಿಲ್ಲ.

ಇನ್ನೊಮ್ಮೆ ಯಾವುದೇ ಮನೆಯ, ಜಮೀನಿನ, ಕೊನೆಗೆ ಕಾಲೇಜಿನ ಜಾಹೀರಾತು ಕೈಗೆ ಬಂದಾಗ ಮನೆಯವರೆಲ್ಲ ಕೂತು ಓದಲಿ. ಪ್ರತಿ ವಿಶೇಷಣದ ಕೆಳಗೆ ಗೆರೆ ಎಳೆಯಲಿ, ಪ್ರತಿ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕ ಇಟ್ಟು ನೋಡಲಿ, ಹೇಳದೆ ಬಿಟ್ಟದ್ದನ್ನು ಮಕ್ಕಳೇ ಪಟ್ಟಿ ಮಾಡಲಿ. ಎಂಟು ಲಾಯ ಎಂದು ಹಿಗ್ಗುವ ಮೊದಲು ಏಳು ಎಕರೆ ಎಂಬುದನ್ನು ಗಮನಿಸುವ ಮಗು ಮುಂದೆ ಸುಲಭವಾಗಿ ಮೋಸಹೋಗುವುದಿಲ್ಲ.